ಉಸಿರು ತಗೊಳ್ಳುವ ಜಾಗ

ಮೈಕು ತುಟಿಯ ಹತ್ತಿರ ಬಂದ ಕೂಡಲೇ ವಿಜಯಮಹಾಂತೇಶನಿಗೆ ತನ್ನ ಬಾಯಿಯೊಳಗಿನದೆಲ್ಲ ಬೇರೆಬೇರೆಯಾಗಿ ಗೊತ್ತಾಗತೊಡಗಿತು. ನಾಲಗೆಯ ತುದಿ ಕೆಳಹಲ್ಲಿಗೆ ತಾಗಿಕೊಂಡು ಮಲಗಿದೆ, ಅದರ ಬೆನ್ನು ತುಸು ಎದ್ದಿದೆ, ಗಂಟಲಿನ ಎರಡು ಎಳೆಗಳು ಇನ್ನೂ ಒಂದನ್ನೊಂದು ಮುಟ್ಟಿಲ್ಲ, ಗಾಳಿ ಎದೆಯಲ್ಲಿ ಅಪ್ಪಣೆಗಾಗಿ ಕಾಯುತ್ತಿದೆ. ಇಷ್ಟೆಲ್ಲ ಗೊತ್ತಿದ್ದವನು ಬಾಯಿ ತೆರೆಯುವುದಾದರೂ ಹೇಗೆ? ಬ್ಯಾಡಗಿಯ ಆ ಓಣಿಯಲ್ಲಿ, ತೀರಿಕೊಂಡ ಸೋದರಮಾವನ ಆಟೋದ ಹಿಂದಿನ ಸೀಟಿನಲ್ಲಿ, ಮೊಣಕಾಲ ಮೇಲೆ ಒಂದು ಹಾಳೆ ಇಟ್ಟುಕೊಂಡು ಅವನು ಕೂತಿದ್ದ. ತಲೆಯ ಮೇಲೆ ಎರಡು ಸ್ಪೀಕರುಗಳು, ಒಂದು ಮುಂದಕ್ಕೆ ಒಂದು ಹಿಂದಕ್ಕೆ, ಬಾಯಿ ತೆರೆದುಕೊಂಡಿದ್ದವು. ಡ್ರೈವರ್ ಮುಸ್ತಾಕ್ ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದ. ಮನೆಯ ಕಟ್ಟೆಯ ಮೇಲೆ ಮಂಗಳವ್ವ ಅತ್ತೆ ಮೊರದಲ್ಲಿ ಮೆಣಸಿನಕಾಯಿ ಹಾಕಿಕೊಂಡು ತೊಟ್ಟು ಬಿಡಿಸುತ್ತ, ನೋಡದವಳಂತೆ ನೋಡುತ್ತಿದ್ದಳು. ಅವನು ಓದಿದ. ಸಾರ್ವಜನಿಕರಲ್ಲಿ ವಿನಂತಿ, ನಾಳೆ ಮಂಗಳವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಬ್ಯಾಡಗಿ ಪಟ್ಟಣದಲ್ಲಿ ವಿದ್ಯುತ್ ಪೂರೈಕೆ ಇರುವುದಿಲ್ಲ. ಸಣ್ಣಗೆ ಇಟ್ಟಿದ್ದ ಸ್ಪೀಕರಿನಿಂದ ಇಸ್ತ್ರಿ ಮಾಡಿ ಮಡಿಚಿಟ್ಟಂಥ ದನಿಯೊಂದು ಹೊರಬಂದು ಓಣಿಯಲ್ಲಿ ನಿಂತಿತು. ಅದು ಯಾರದು ಎಂದು ಅವನಿಗೇ ತಿಳಿಯಲಿಲ್ಲ.

ಮುಸ್ತಾಕ್ ಕನ್ನಡಿಯನ್ನು ತುಸು ತಿರುಗಿಸಿದ. ಆಮೇಲೆ, "ಸ್ವಚ್ಛ ಐತ್ರಿ," ಅಂದ. "ಭಾಳ ಸ್ವಚ್ಛ ಐತಿ. ರೇಡಿಯೋದಾಗ ಯಾರರ ದೊಡ್ಡವರು ತೀರಿಕೊಂಡಾಗ ಹೇಳ್ತಾರಲ್ರಿ, ಹಂಗ ಬಂತು." ಅಂದವನೇ ಕಟ್ಟೆಯ ಕಡೆ ನೋಡಿ ತುಟಿ ಕಚ್ಚಿಕೊಂಡ. ಅತ್ತೆ ತಲೆ ಎತ್ತಲಿಲ್ಲ. "ಮಾತಿನ ಕಾಲೇಜಿಗೆ ಹೋದಾವ ಅಲ್ಲೇನೋ ನೀ," ಎಂದು ಮೆಣಸಿನಕಾಯಿಗೆ ಹೇಳಿದಂತೆ ಹೇಳಿದಳು. "ಎರಡು ವರ್ಷ ಏನ್ ಕಲಿಸ್ಯಾರ ಅವರು?"

ಮಾತಿನ ಕಾಲೇಜು. ಭಾಷಾವಿಜ್ಞಾನ ಎಂದರೆ ಚೆನ್ನಾಗಿ ಮಾತಾಡಲು ಕಲಿಸುವ ವಿದ್ಯೆ ಎಂದು ಮನೆಮಂದಿಯೆಲ್ಲ ನಂಬಿದ್ದರು. ಅಲ್ಲ ಎಂದು ಹೇಳುವ ಧೈರ್ಯವನ್ನು ಅವನು ಯಾವತ್ತೂ ಮಾಡಿರಲಿಲ್ಲ. ಹೇಳಿದರೆ ಮತ್ತೇನು ಎಂದು ಕೇಳುತ್ತಿದ್ದರು. ರಾಣೆಬೆನ್ನೂರಿನ ಬೀಜದಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಅಪ್ಪ ಬಂದವರಿಗೆಲ್ಲ, "ನಮ್ಮ ಹುಡುಗ ದಿಲ್ಲಿ ಕಡೆ ಅದಾನ್ರಿ, ದೊಡ್ಡ ಖಾಸಗಿ ಯುನಿವರ್ಸಿಟಿ, ಫೀ ಅವರ ಕೊಟ್ಟು ಕಲಿಸ್ತಾರ," ಎನ್ನುತ್ತಿದ್ದ. ಏನು ಕಲಿಸುತ್ತಾರೆ ಎಂದು ಯಾರಾದರೂ ಕೇಳಿಬಿಟ್ಟರೆ ತಕ್ಷಣ ಸೌತೆಬೀಜದ ಪಾಕೀಟು ಕೈಗೆತ್ತಿಕೊಳ್ಳುತ್ತಿದ್ದ. ಸಾಸಿವೆ ಹೊಲಗಳ ನಡುವೆ ಒಮ್ಮೆಲೇ ಎದ್ದು ನಿಂತ ಗಾಜಿನ ಕಟ್ಟಡಗಳು ಅವು. ಅಲ್ಲಿ ಯಾವ ಊರು ಎಂದು ಕೇಳಿದವರಿಗೆ ಅವನು ಮೊದಲು ಹಾವೇರಿ ಜಿಲ್ಲೆ ಅಂದ, ಆಮೇಲೆ ಹುಬ್ಬಳ್ಳಿ ಹತ್ತಿರ ಅಂದ, ಎರಡನೆಯ ಸೆಮಿಸ್ಟರಿನ ಹೊತ್ತಿಗೆ ಬರೀ ಕರ್ನಾಟಕ ಎಂದು ಮುಗಿಸುವುದನ್ನು ಕಲಿತಿದ್ದ. ಅಲ್ಲಿ ಅವನು ವಿಜಯ್. ಊಟದ ಮನೆಯಲ್ಲಿ ಹುಡುಗರು ಒಂದೇ ಮಾತಿನಲ್ಲಿ ಮೂರು ದೇಶ ಸುತ್ತಿ ಬರುವಾಗ ಅವನು ತಟ್ಟೆ ನೋಡಿಕೊಂಡು, ಅವರು ಹೇಳುವುದೇನು ಎನ್ನುವುದನ್ನು ಬಿಟ್ಟು, ಅವರ ದನಿ ಎಲ್ಲಿ ಏರುತ್ತದೆ ಎಲ್ಲಿ ಇಳಿಯುತ್ತದೆ ಎಂದು ಕೇಳುತ್ತಿದ್ದ. ಕೇಳುವುದು ಸುಲಭವಾಗಿತ್ತು. ಕೇಳುವವನನ್ನು ಯಾರೂ ಏನನ್ನೂ ಕೇಳುವುದಿಲ್ಲ. ಈಗ ಆ ಚಟ ಮನೆಯವರೆಗೂ ಬಂದಿತ್ತು: ಮಾವ ಹೋದರು ಎಂದು ಅವ್ವ ಪ್ರೇಮವ್ವ ಫೋನಿನಲ್ಲಿ ಅತ್ತಾಗ, ಹೋದರು ಎನ್ನುವಾಗ ಅವಳ ದನಿ ಬೀಳುವ ಬದಲು ಮೇಲಕ್ಕೇ ಉಳಿಯಿತಲ್ಲ ಎಂದು ಮೊದಲು ಗಮನಿಸಿದ. ಮಾವ ಇಲ್ಲ ಎನ್ನುವುದು ತಿಳಿದದ್ದು ಅದಾದ ಮೇಲೆ. ನಡುವೆ ಹೋದದ್ದು ಒಂದು ಕ್ಷಣವಿರಬಹುದು. ಆ ಕ್ಷಣದ ಹೇಸಿಗೆ ಮಾತ್ರ ರೈಲಿನಲ್ಲಿ ದಾರಿಯುದ್ದಕ್ಕೂ ಅವನ ಪಕ್ಕದ ಸೀಟಿನಲ್ಲೇ ಕೂತು ಬಂತು. ಬಂದವನು ವಾಪಸು ಹೋಗಿರಲಿಲ್ಲ. ಮುಂದುವರಿಸುತ್ತೀಯಾ ಎಂದು ಕೇಳಿ ಪ್ರೊಫೆಸರು ಬರೆದ ಇ-ಮೇಲಿಗೆ ಉತ್ತರ ಕೊಟ್ಟಿರಲಿಲ್ಲ. ಅಂಗಡಿಯಲ್ಲಿ ಕೂತರಾಯಿತು, ಬೀಜ ಮಾರುವವನಿಗೆ ಗಂಟಲಿನ ಎಳೆಗಳ ಚಿಂತೆಯಿಲ್ಲ ಎಂದು ಒಳಗೊಳಗೆ ಆಗಲೇ ಅರ್ಧ ಕೂತುಬಿಟ್ಟಿದ್ದ. ಅಷ್ಟರಲ್ಲಿ ಅತ್ತೆಯಿಂದ ಕರೆ ಬಂದಿತ್ತು.

ಅಂದಾನೆಪ್ಪ ಮಾವನದು ಪ್ರಚಾರದ ಆಟೋ. ಸೀರೆ ಅಂಗಡಿ, ಕಣ್ಣಿನ ತಪಾಸಣೆ, ಕಳೆದುಹೋದ ಎಮ್ಮೆ, ಎಲ್ಲಕ್ಕೂ ಅವನದೇ ದನಿ. ಆದರೆ ಊರು ಅವನನ್ನು ನಂಬಿದ್ದು ಕರೆಂಟಿನ ವಿಷಯದಲ್ಲಿ. ನಾಳೆ ಕರೆಂಟ್ ಇರೂದಿಲ್ಲ ಎಂದು ಅಂದಾನೆಪ್ಪ ಹೇಳಿದ ಮೇಲೆ ಕರೆಂಟು ಇದ್ದದ್ದಿಲ್ಲ. ಮನೆಯ ಒಳಕೋಣೆಯಲ್ಲಿ ತಲೆಯ ಮೇಲೆ ಕೌದಿ ಹೊದ್ದುಕೊಂಡು, ಓಣಿಯ ಸದ್ದು ಒಳಗೆ ಬರದಂತೆ, ಫೋನಿಗೆ ಮಾತಾಡಿ ಪೆನ್‌ಡ್ರೈವಿಗೆ ಹಾಕಿಕೊಡುತ್ತಿದ್ದ. ಅದನ್ನು ಮುಸ್ತಾಕ್ ಊರು ತುಂಬ ತಿರುಗಿಸುತ್ತಿದ್ದ. ಮಾವ ತೀರಿಕೊಂಡು ದಿನದ ಕಾರ್ಯಗಳೆಲ್ಲ ಮುಗಿದ ಮೇಲೆ ಸೀರೆ ಅಂಗಡಿಯವರು ಹಳೆಯ ಪ್ರಚಾರವನ್ನೇ ಹಾಕೆಂದರು. ಮುಸ್ತಾಕ್ ಪೆನ್‌ಡ್ರೈವ್ ಚುಚ್ಚಿ, ಚಹಾ ಕುಡಿದು, ಆಟೋ ಬಿಟ್ಟುಕೊಂಡು ಹೋದ. ಸೀರೆಯ ಬದಲು ಹಿಂದೆಂದೋ ತೆಗೆದ ಕರೆಂಟಿನ ಸುದ್ದಿ ಎರಡು ಸುತ್ತು ಬಂದಿತು. ಸ್ಪೀಕರಿನ ಕೆಳಗೇ ಕೂತವನಿಗೆ ಆ ದನಿ ಎಷ್ಟು ರೂಢಿಯಾಗಿತ್ತೆಂದರೆ ಅದು ಹೇಳುವುದೇನೆಂದು ಅವನು ಕೇಳಿಸಿಕೊಳ್ಳುವುದನ್ನು ಬಿಟ್ಟು ವರ್ಷಗಳಾಗಿದ್ದವು. ಊರು ಕೇಳಿಸಿಕೊಂಡಿತು. ಹೆಂಗಸರು ಕೊಡ ತುಂಬಿಟ್ಟರು, ಹಿಟ್ಟಿನ ಗಿರಣಿಯ ಮುಂದೆ ಪಾಳಿ ನಿಂತಿತು, ಮನೆಮನೆಯಲ್ಲಿ ಫೋನು ಚಾರ್ಜಿಗೆ ಬಿದ್ದವು. ಮರುದಿನ ಕರೆಂಟು ಹೋಗಲಿಲ್ಲ. ಮಧ್ಯಾಹ್ನದವರೆಗೂ ಜನ ಕರೆಂಟ್ ಆಫೀಸಿನವರೇ ಮನಸ್ಸು ಬದಲಿಸಿರಬೇಕು ಅಂದುಕೊಂಡರು. ಸಂಜೆಯ ಹೊತ್ತಿಗೆ ಯಾರಿಗೋ ಹೊಳೆಯಿತು: ಅಂದಾನೆಪ್ಪ ಸತ್ತಾನಲ್ಲ.

"ಒಬ್ಬಾಕಿ ಬಂದು ಜಗಳ ತೆಗದ್ಲು," ಎಂದು ಮುಸ್ತಾಕ್ ಈಗ ಹೇಳಿದ, ಬಿಗುವು ಸಡಿಲಿಸಲು. "ನಿಮ್ಮ ಯಜಮಾನ್ರ ಮಾತು ಕೇಳಿ ಮಂಗಳವಾರದ ಹಿಟ್ಟು ಸೋಮವಾರನ ಬೀಸ್ಕೊಂಡು ಕುಂತೇನಿ ಅಂತ. ನಾ ಅಂದೆ, ಅವ್ವಾ, ಹಿಟ್ಟು ಇದ್ರ ರೊಟ್ಟಿ ಮಾಡು, ಅದರಾಗೇನು ಲುಕ್ಸಾನ?"

"ನಿಂದ ಎಲ್ಲಾ," ಅಂದಳು ಅತ್ತೆ. "ಕಿವ್ಯಾಗ ಏನ್ ಇಟಗೊಂಡಿದ್ದಿ?"

"ನಿಮ್ಮ ಯಜಮಾನ್ರನ್ನ ಇಟಗೊಂಡಿದ್ದೆ ಅಕ್ಕಾರ. ಹನ್ನೆರಡು ವರ್ಷ."

ಅತ್ತೆ ನಕ್ಕಳೋ ಇಲ್ಲವೋ ತಿಳಿಯಲಿಲ್ಲ. ಕರೆಂಟ್ ಆಫೀಸಿನವರು ತಿಳಿಹೇಳಿ ಹೋಗಿದ್ದರು: ಸತ್ತವರ ದನಿ ಇನ್ನು ಬೇಡ, ಈ ಸಲದ ಸುದ್ದಿಗೆ ಹೊಸ ದನಿ ಸಿಕ್ಕರೆ ಸರಿ, ಇಲ್ಲದಿದ್ದರೆ ಹಾವೇರಿಯಲ್ಲಿ ಒಬ್ಬ ಕಂಪ್ಯೂಟರಿನಿಂದ ಮಾತಾಡಿಸಿ ಕೊಡುತ್ತಾನಂತೆ, ಅವನಿಗೇ ಕೊಡುತ್ತೇವೆ. ಆ ಕೆಲಸ ಹೋದರೆ ಆಟೋ ಹೋದಂತೆ. ಆಟೋ ಹೋದರೆ ಅತ್ತೆ ಹಾವೇರಿಯ ತಮ್ಮನ ಮನೆಗೆ ಹೋಗಿ ಅವನ ಹೆಂಡತಿಯ ಅಡಿಗೆಮನೆಯ ಮೂಲೆಯಲ್ಲಿ ಕೂರಬೇಕು. ಇದನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಕರೆಂಟು ಹೋಗುವುದು ನಾಳೆ, ಆಟೋ ಹೊರಡಬೇಕಾದದ್ದು ಇವತ್ತು.

ಅವನು ಮತ್ತೊಮ್ಮೆ ಓದಿದ. ಈ ಸಲ ಬೇಕೆಂದೇ ಊರಿನ ಮಾತಿನಲ್ಲಿ ಹೇಳಲು ನೋಡಿದ. ನಾಟಕದಲ್ಲಿ ರೈತನ ವೇಷ ಹಾಕಿದ ಮಾಸ್ತರರ ದನಿಯಂತೆ ಕೇಳಿಸಿತು. ಎದುರುಮನೆಯ ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಅವನ ಕಿವಿ ಬಿಸಿಯಾಯಿತು. ಆ ಬಿಸಿಯಲ್ಲಿ ಇನ್ನೊಂದು ನಗು ನೆನಪಾಯಿತು, ತಂಪು ಕೋಣೆಯ ನಗು. ಸೆಮಿನಾರಿನಲ್ಲಿ ಮಾವನ ದನಿ ಹಾಕಿದ್ದ. ಹಿಂದಿನ ರಜೆಯಲ್ಲಿ ಬಂದಾಗ ತೆಗೆದುಕೊಂಡು ಹೋದ ರೆಕಾರ್ಡು. ಪರದೆಯ ಮೇಲೆ ಆ ದನಿ ನೀಲಿ ಗೆರೆಯಾಗಿ ಏರಿ, ಏರಿದಲ್ಲೇ ತುಂಡಾಗಿ, ಒಂದು ಬಿಳಿ ಜಾಗ ಬಿಟ್ಟು, ಮತ್ತೆ ಮೇಲಿನಿಂದಲೇ ಶುರುವಾಗುತ್ತಿತ್ತು. ಸ್ಪೀಕರಿನಲ್ಲಿ ಮಾವ ಸಾರ್ವಜನಿಕರಲ್ಲಿ ಎಂದು ಕೂಗಿದ ಕೂಡಲೇ ಕ್ಲಾಸು ನಕ್ಕಿತು. ಇವರು ಮೀನು ಮಾರುತ್ತಾರಾ ಎಂದು ಒಬ್ಬಳು ಕೇಳಿದಳು, ಕೆಟ್ಟ ಮನಸ್ಸಿನಿಂದಲ್ಲ. ಅವನೂ ನಕ್ಕ. ನಗದಿದ್ದರೆ ಯಾರು ಎಂದು ಹೇಳಬೇಕಾಗುತ್ತಿತ್ತು. ಕ್ಲಾಸಿಗೆ ಹಂಚಿದ ಹಾಳೆಯಲ್ಲಿ ಒಂದನೆಯ ಮಾತುಗಾರ, ಪುರುಷ, ವಯಸ್ಸು ಐವತ್ತೆಂಟು ಎಂದಷ್ಟೇ ಇತ್ತು. ಜನ ಸಾಲು ಮುಗಿದಲ್ಲಿ ಉಸಿರು ತಗೊಳ್ಳುತ್ತಾರೆ, ಈತ ಮುಖ್ಯವಾದ ಮಾತಿಗೆ ಮುಂಚೆಯೇ ನಿಂತು ತಗೊಳ್ಳುತ್ತಾನೆ, ಆ ಮೌನಕ್ಕೆ ಒಳಗಿದ್ದವರು ಬಾಗಿಲಿಗೆ ಬರುತ್ತಾರೆ. ಇದು ಈತನ ಶೈಲಿ ಎಂದು ಅವನು ತೋರಿಸಿಕೊಟ್ಟ. ಇದನ್ನೇ ಹಿಡಿದು ಮುಂದೆ ಹೋಗು ಎಂದರು ಪ್ರೊಫೆಸರು. ಅವತ್ತು ಸಂಜೆ ಮಾವನ ಫೋನು. "ನನ್ನ ದನಿ ದಿಲ್ಲಿಗಿ ಹೋಗೇತಂತಲ್ಲೋ ಅಳಿಯಾ. ಏನಂದ್ರು?" ಚಲೋ ಐತಿ ಅಂದ್ರು ಮಾವ, ಅಂದ. ಅದನ್ನು ಮಾವ ಬ್ಯಾಡಗಿಗೆಲ್ಲ ಹೇಳಿ ಬಂದ, ಸ್ಪೀಕರಿಲ್ಲದೆಯೇ.

"ನನ್ನ ಕಡಿಂದ ಆಗೂದಿಲ್ಲ ಅತ್ತಿ," ಎಂದು ಆಟೋದಿಂದ ಇಳಿದ. "ನಾ ಕಲ್ತದ್ದು ಮಾತಾಡೂದಲ್ಲ. ಮಂದಿ ಹೆಂಗ ಮಾತಾಡ್ತಾರ ಅಂತ ಕೇಳೂದು. ಅಷ್ಟ."

"ಕೇಳೂದು?"

"ಹೂಂ."

"ಕೇಳಾಕ ಅಷ್ಟು ದೂರ ಯಾಕ ಹೋದಿ?" ಅವಳು ಗೇಲಿ ಮಾಡುತ್ತಿರಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ್ದಳು. ಅವನ ಕೈಯಲ್ಲಿದ್ದ ಹಾಳೆ ಇಸಿದುಕೊಂಡು, ದೂರ ಹಿಡಿದು ನೋಡಿ, "ಇಷ್ಟ ಅಲ್ಲೇನು. ಅವರು ಇದನ್ನ ಹಿಂಗ ಅಂತಿದ್ರು," ಎಂದು, ತೊಟ್ಟು ಬಿಡಿಸುತ್ತಲೇ, ಗಟ್ಟಿಯಾಗಿಯೇನೂ ಅಲ್ಲ, ಒಂದು ಸಾಲು ಅಂದಳು. ಅವನ ಬೆನ್ನು ನೆಟ್ಟಗಾಯಿತು. ವರ್ಷಗಟ್ಟಲೆ ಕೌದಿಯ ಹೊರಗೆ ಕೂತು ಕೇಳಿದ ಕಿವಿ ಅದು. ದನಿ ಏರಬೇಕಾದಲ್ಲಿ ಏರಿತ್ತು. ನಡುವೆ ಎಲ್ಲೋ ಮಾತ್ರ ತಪ್ಪಿ ಓಡಿಬಿಟ್ಟಿತ್ತು.

"ಅತ್ತಿ, ನೀವ ಹೇಳ್ರಿ ಇದನ್ನ."

"ಹುಚ್ಚ ಹಿಡದೈತೇನು ನಿನಗ? ಗಂಡ ಸತ್ತು ಇನ್ನೂ ಕಣ್ಣಾಗ ನೀರ ಆರಿಲ್ಲ. ಆಟೋದಾಗ ಕುಂತು ಊರ ಮ್ಯಾಲ ಒದರಲೇನು? ಮಂದಿ ಏನಂದಾರು?"

"ಮಂದಿ ಹಿಟ್ಟು ಬೀಸ್ಕೋತಾರ ಅಕ್ಕಾರ," ಅಂದ ಮುಸ್ತಾಕ್.

ಅವಳು ಎದ್ದು ಮೊರ ಒಳಗೆ ತೆಗೆದುಕೊಂಡು ಹೋದಳು. ಬಾಗಿಲು ಮುಚ್ಚಲಿಲ್ಲ. ಅವನು ಸ್ವಲ್ಪ ಹೊತ್ತು ಹೊಸ್ತಿಲಲ್ಲಿ ನಿಂತು, ಆಮೇಲೆ ಹಿಂದೆಯೇ ಹೋದ. ಒಳಕೋಣೆಯಲ್ಲಿ ಮಾವನ ಕೌದಿ ಮಡಿಚಿ ಇಟ್ಟಿತ್ತು. ವಿಶ್ವವಿದ್ಯಾಲಯದಲ್ಲಿ ಸದ್ದು ಹೀರುವ ಗೋಡೆಗಳ ಪುಟ್ಟ ಕೋಣೆಯೊಂದನ್ನು ಮೊದಲ ಸಲ ತೋರಿಸಿದಾಗ, ಇಂಥದು ನಮ್ಮ ಮಾವನ ಹತ್ತಿರವೂ ಇದೆ ಎನ್ನಬೇಕೆನಿಸಿ ಸುಮ್ಮನಾಗಿದ್ದ. "ಹೊರಗ ಬ್ಯಾಡ," ಅಂದ. "ಇಲ್ಲೆ ಹೇಳ್ರಿ, ಇದರೊಳಗ. ಯಾರಿಗೂ ಕೇಳೂದಿಲ್ಲ. ನಾನಷ್ಟ ಕೇಳ್ತೇನಿ." ಅವಳು ಗೋಡೆ ನೋಡುತ್ತ ನಿಂತಳು. ಕೊನೆಗೆ, "ಅವರು ಮುಂದಿನ ಮಾತು ಅನ್ನೂಕಿಂತ ಮೊದಲ ನಿಲ್ತಿದ್ರು," ಅಂದಳು. "ಅಲ್ಲಿ ನನಗ ಬರೂದಿಲ್ಲ."

"ಹೂಂ. ಅದ ಅವರ ಶೈಲಿ. ನಾ ಅದರ ಮ್ಯಾಲ ಬರದೇನಿ."

"ಶೈಲಿ ಎಲ್ಲೀದೋ ತಮ್ಮಾ. ದಮ್ಮು. ಉಸರು ಹತ್ತತಿತ್ತು ಅವರಿಗೆ. ದವಾಖಾನಿಗೆ ಬರ್ರಿ ಅಂದ್ರ ಬರತಿದ್ದಿಲ್ಲ."

ಅವನು ನಿಂತಲ್ಲೇ ಕೂತ. ಪರದೆಯ ಮೇಲಿನ ಆ ಬಿಳಿ ಜಾಗ. ಅದನ್ನು ಅವನು ಅಳೆದಿದ್ದ, ಹೆಸರಿಟ್ಟಿದ್ದ, ಎಲ್ಲರಿಗೂ ತೋರಿಸಿದ್ದ. ಗಾಳಿಗಾಗಿ ಬಾಯಿ ತೆರೆದ ಮನುಷ್ಯನೊಬ್ಬ ಆ ಜಾಗದಲ್ಲಿ ನಿಂತಿದ್ದು ಅವನಿಗೆ ಕಂಡಿರಲಿಲ್ಲ. ಕಿವಿಗೆ ಬೀಳದೆ ಇರಲಿಲ್ಲ. ಒಂದು ಸಣ್ಣ ಸಿಳ್ಳಿನಂಥ ಸದ್ದು ಅಲ್ಲಿತ್ತು, ಅದನ್ನು ಗದ್ದಲ ಎಂದು ಅಳಿಸಿ ಹಾಕಿ ಗೆರೆಯನ್ನು ಚೊಕ್ಕ ಮಾಡಿದ್ದ. ಹೊರಗೆ ಮುಸ್ತಾಕ್ ಆಟೋ ಒರೆಸುತ್ತಿದ್ದ ಸಪ್ಪಳ. ಅತ್ತೆ ನೀರು ತಂದುಕೊಟ್ಟಳು, ಕುಡಿಯಲಿಲ್ಲ. ಎದ್ದು ಹೊರಗೆ ಹೋಗಿ ಆಟೋದಿಂದ ಪೆನ್‌ಡ್ರೈವ್ ಕಿತ್ತು ತಂದ, ಲ್ಯಾಪ್‌ಟಾಪಿಗೆ ಚುಚ್ಚಿದ, ಕಿವಿಗೆ ಹೆಡ್‌ಫೋನು ಹಾಕಿದ. ಯಾಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ತಪ್ಪನ್ನು ಇನ್ನೊಮ್ಮೆ ಸರಿಯಾಗಿ ಕೇಳಬೇಕೆನಿಸಿತು, ಅಷ್ಟೆ. ಕೊನೆಯ ವರ್ಷದ ಮಾವ ಮೊದಲು ಬಂದ. ಸಿಳ್ಳು ಸ್ಪಷ್ಟವಾಗಿತ್ತು. ಹಿಂದಿನ ವರ್ಷದವನು ಬಂದ, ಅದರ ಹಿಂದಿನವನು ಬಂದ, ದನಿ ಹರೆಯಕ್ಕೆ ಮರಳುತ್ತ ಹೋಯಿತು, ಸಿಳ್ಳು ತೆಳುವಾಗಿ ಇಲ್ಲವಾಯಿತು. ಎಲ್ಲಕ್ಕಿಂತ ಹಳೆಯದರಲ್ಲಿ, ಗಂಟೆಯಂಥ ಗಂಟಲಿನಲ್ಲಿ, ಮಾವ ನಾಳೆ ಅಂದ, ತಡೆದ, ಕರೆಂಟ್ ಅಂದ. ತಡೆದಿದ್ದ. ದಮ್ಮು ಇನ್ನೂ ಹತ್ತಿರ ಸುಳಿಯದ ದಿನಗಳಲ್ಲೂ ಅದೇ ಜಾಗದಲ್ಲಿ, ಚಿಕ್ಕದಾಗಿ, ಬೇಕೆಂದೇ. ಹೆಡ್‌ಫೋನು ತೆಗೆದು ಅತ್ತೆಯ ಕಿವಿಗೆ ಹಾಕಿದ.

ಅವಳು ಬಹಳ ಹೊತ್ತು ಕೇಳಿದಳು. ಕಣ್ಣು ತುಂಬಿಕೊಂಡವು, ಕೆಳಗೆ ಬೀಳಲಿಲ್ಲ. "ಎಷ್ಟು ಗಟ್ಟಿ ಇದ್ರು ನೋಡು," ಅಂದಳು.

"ಮೊದಲಿಂದ ಅಲ್ಲೇ ನಿಲ್ತಿದ್ರು ಅತ್ತಿ. ದಮ್ಮು ಆಮ್ಯಾಲ ಬಂದೈತಿ. ಬಂದ ಮ್ಯಾಲ ಅದನ್ನ ಅಲ್ಲೇ ಮುಚ್ಚಿ ಇಟ್ಟಾರ. ಬ್ಯಾರೆ ಕಡೆ ನಿಂತಿದ್ರ ಊರಿಗೆಲ್ಲ ಗೊತ್ತಾಗತಿತ್ತು."

"ನನಗೂ," ಅಂದಳು ಅತ್ತೆ. ಹೆಡ್‌ಫೋನು ತೆಗೆದಿಟ್ಟು, "ಇದನ್ನ ನೀ ಹೆಂಗ ಕಂಡಹಿಡದಿ?"

"ಕೇಳಿ," ಅಂದ. ಹೇಳಿದ ಮೇಲೆ ನಾಚಿಕೆಯಾಗಲಿಲ್ಲ. ಮಾವನ ಸಿಳ್ಳನ್ನು ಅಳಿಸಿದ ತಪ್ಪು ಎಲ್ಲಿಗೂ ಹೋಗಿರಲಿಲ್ಲ, ಎದೆಯಲ್ಲಿ ಅದರ ಜಾಗದಲ್ಲೇ ಇತ್ತು; ಆದರೆ ಆ ತಪ್ಪಿನ ಮುಂದೆಯೇ ಕೂತಿರಬೇಕು ಎಂದು ಯಾರೂ ಹೇಳಿರಲಿಲ್ಲ. ವಾಪಸು ಹೋದರೆ ಆ ಗೆರೆಯನ್ನು ಸಿಳ್ಳಿನ ಸಮೇತ ಮತ್ತೆ ಬರೆಯಬೇಕು, ಮಾತುಗಾರನ ಹೆಸರು ಹಾಕಬೇಕು ಎಂದುಕೊಂಡ. ಹೋದರೆ ಎಂದು ಅಂದುಕೊಂಡಾಗಲೇ ಹೋಗುವುದು ಗೊತ್ತಾಯಿತು.

ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡು ಇಬ್ಬರೂ ಕೂತರು. ಒಳಗೆ ಹಳೆಯ ಸೀರೆಗಳ, ಎಲೆ ಅಡಿಕೆಯ, ಮೆಣಸಿನ ಘಾಟಿನ ಕತ್ತಲೆ. ಅತ್ತೆಗೆ ಸೀನು ಬಂತು, ಅವನಿಗೂ ಬಂತು. ಅವಳು ಶುರುಮಾಡಿದಳು, ಓಡಿದಳು, ನಿಂತಳು, ಥೂ ಅಂದಳು. ಅವನು ಅವಳ ಮಣಿಕಟ್ಟು ಹಿಡಿದುಕೊಂಡ. ನಾಳೆ ಎಂದ ಕೂಡಲೇ ಒತ್ತಿದ. ಅವಳು ನಿಂತಳು, ಉಸಿರು ತಗೊಂಡಳು, ಬೆರಳ ಕೆಳಗೆ ನಾಡಿ ಎರಡು ಸಲ ಹೊಡೆಯಿತು, ಬಿಟ್ಟ. ಕರೆಂಟ್ ಇರೂದಿಲ್ರಿ, ಅಂದಳು ಅವಳು, ಪೂರಾ ತನ್ನ ದನಿಯಲ್ಲಿ. ಮಾವನ ದನಿ ಅದಲ್ಲ. ಮಾವ ಊರಿಗೆ ತಿಳಿಸುತ್ತಿದ್ದ. ಇವಳು ಊರನ್ನು ಎಚ್ಚರಿಸುತ್ತಿದ್ದಳು, ಹಿತ್ತಲ ಗೋಡೆಯ ಮೇಲಿನಿಂದ. ಮತ್ತೆ ಮತ್ತೆ ಹೇಳಿಸಿದ. ಒಂದು ಸಲ ಅವನು ಒತ್ತುವುದನ್ನು ಮರೆತ, ಅವಳು ತಾನಾಗಿ ನಿಂತಳು.

ಹೊರಬಂದಾಗ ಅವಳ ತಲೆಗೂದಲು ಕೆದರಿತ್ತು, ಮುಖ ಕೆಂಪಾಗಿತ್ತು. ಮುಸ್ತಾಕ್ ಪೆನ್‌ಡ್ರೈವಿಗೆ ಕೈಚಾಚಿದ. "ಅದು ಬ್ಯಾಡ," ಅಂದಳು. "ಒಮ್ಮೆ ನಂಬಿ ಊರ ಕೈಲೆ ಬೈಸ್ಕೊಂಡೇವಿ. ಜೀವಂತ ಇದ್ದಾಕಿ ಜೀವಂತನ ಹೇಳ್ತೇನಿ." ತಲೆಯ ಮೇಲೆ ಸೆರಗು ಹೊದ್ದುಕೊಂಡು ಹಿಂದಿನ ಸೀಟಿನಲ್ಲಿ ಕೂತು, ಮೈಕನ್ನು ಸೌಟಿನ ಹಾಗೆ ಹಿಡಿದಳು. ಅವನು ಮುಸ್ತಾಕನ ಪಕ್ಕದಲ್ಲಿ ಅರ್ಧ ಕುಂಡೆ ಊರಿ ಕೂತ. ಮೊದಲ ಓಣಿಯಲ್ಲಿ ದನಿ ನಡುಗಿತು, ಎರಡನೆಯದರಲ್ಲಿ ಹಾಳೆ ಕಾಲಕೆಳಗೆ ಬಿತ್ತು, ಅವಳು ಎತ್ತಿಕೊಳ್ಳಲಿಲ್ಲ. ನಾಳೆ, ಅಂದಳು. ಬಾಗಿಲುಗಳಲ್ಲಿ ಮುಖಗಳು ಬಂದವು. ಕರೆಂಟ್ ಇರೂದಿಲ್ರಿ. ಹಿಟ್ಟು ಇವತ್ತ ಬೀಸಿ ಇಟ್ಕೋರಿ. ಈ ಸಲ ಖರೇನ ಹೋಗತೈತಿ.

ಎಲ್ಲೋ ಒಂದು ನಗು ಎದ್ದು ಮನೆಯಿಂದ ಮನೆಗೆ ದಾಟಿತು. ಒಬ್ಬ ಹೆಂಗಸು ಕಟ್ಟೆಯಿಂದಲೇ ಕೂಗಿ ಕೇಳಿದಳು, "ಮಂಗಳವ್ವಾ, ಸಂಜೀಗರ ಬರತೈತೇನು?" ಮಾವನ ದನಿಗೆ ಯಾರೂ ಹಾಗೆ ತಿರುಗಿ ಕೇಳಿದ್ದಿಲ್ಲ, ರೆಕಾರ್ಡಿಗೆ ಯಾರು ಪ್ರಶ್ನೆ ಕೇಳುತ್ತಾರೆ. ಮುಸ್ತಾಕ್ ಆಟೋ ನಿಲ್ಲಿಸಿದ. "ಐದಕ್ಕ ಅಂದಾರ ಗುತ್ತೆವ್ವ," ಎಂದು ಅತ್ತೆ ಮೈಕಿನಲ್ಲೇ ಉತ್ತರ ಕೊಟ್ಟಳು, ಅದು ನಾಲ್ಕು ಓಣಿಗೆ ಕೇಳಿಸಿತು. "ನೀ ಆರಕ್ಕ ಅನಕೋ. ಮೊಮ್ಮಗಳ ಜ್ವರ ಹೆಂಗೈತಿ?"

"ಬಿಟ್ಟೈತಿ. ನಿನ್ನ ದನಿ ಕೇಳಿ ಭಾಳ ದಿನ ಆಗಿತ್ತು."

ಆಟೋ ಪೇಟೆಯ ಕಡೆ ತಿರುಗಿತು. ಅವನಿಗೆ ಕಾಲು ಜೋಮು ಹಿಡಿದಿತ್ತು, ಇಳಿದು ಪಕ್ಕದಲ್ಲೇ ನಡೆಯತೊಡಗಿದ. ಚಹಾದಂಗಡಿಯ ಮುಂದೆ ನಿಂತವರು, ಮೆಣಸಿನ ಚೀಲದ ಮೇಲೆ ಕೂತವರು ತಲೆ ತಿರುಗಿಸಿದರು. ಆಗ ಸ್ಪೀಕರು ಇದ್ದಕ್ಕಿದ್ದಂತೆ, ಇಡೀ ಪೇಟೆಗೆ ಕೇಳುವಂತೆ, "ಮಾಂತೇಶಾ, ಒಂದು ತಂಬಿಗಿ ನೀರ ತಗೊಂಡು ಬಾರೋ, ಗಂಟಲಾ ಒಣಗೈತಿ," ಅಂದಿತು. ಎಲ್ಲರೂ ಅವನನ್ನು ನೋಡಿದರು. ಅವನು ಹತ್ತಿರದ ಮನೆಯ ಬಾಗಿಲಿಗೆ ಹೋಗಿ ಕೇಳಿದ. ಒಳಗಿನ ಮುದುಕಿ ಯಾರು ಎತ್ತ ಎಂದು ಕೇಳದೆ ತಂಬಿಗೆ ತುಂಬಿ ತಂದು, "ಅಂದಾನೆಪ್ಪನ ಹೇಣ್ತಿ ಅಲ್ಲೇನು, ಕುಡೀಲಿ ಪಾಪ, ತಂಬಿಗಿ ಆಮ್ಯಾಲ ಕೊಡುವಂತಿ," ಅಂದಳು. ತಿರುಗಿ ರಸ್ತೆಗೆ ಬಂದರೆ ಆಟೋ ಇಲ್ಲ. ಹಿಂದಿನ ಗಾಡಿಗಳಿಗೆ ದಾರಿ ಬಿಡಲು ಮುಸ್ತಾಕ್ ಮುಂದೆ ಹೋಗಿಬಿಟ್ಟಿದ್ದ. ಲಾರಿಯೊಂದು ಹಾರ್ನು ಹೊಡೆಯಿತು, ಯಾರೋ ಯಾರನ್ನೋ ಕರೆದರು. ಅವನು ನೀರು ಚೆಲ್ಲದಂತೆ ಎರಡೂ ಕೈಯಲ್ಲಿ ತಂಬಿಗೆ ಹಿಡಿದು ನಡುಬೀದಿಯಲ್ಲಿ ನಿಂತು ಆಲಿಸಿದ. ದೂರದಲ್ಲಿ, ಮನೆಗಳಾಚೆ, ಸ್ಪೀಕರು ನಾಳೆ ಎಂದಿತು. ಕಾದ. ಕರೆಂಟ್ ಎಂದಿತು, ಎಡಗಡೆಯ ಓಣಿಯಲ್ಲಿ. ಅತ್ತ ಬಿರಬಿರನೆ ನಡೆದ.